ಲಾಳ ಹೊಡೆಸಿದರೆ ಮುಗಿಯಿತೇ?

ಸಂತೆಯಲ್ಲಿ ಕುದುರೆ ಕೊಳ್ಳುವಾಗ ಹಲ್ಲು ನೋಡುತ್ತೇವೆ, ಸುಳಿ ನೋಡುತ್ತೇವೆ. ಕಾಲೆತ್ತಿ ಗೊರಸು ನೋಡುವವರು ಕಡಿಮೆ. ಆಮೇಲೆ ಕುದುರೆ ಕುಂಟಿದರೆ ‘ಲಾಳ ಹೊಡೆಸಿ, ಸರಿಹೋಗುತ್ತೆ’ ಅನ್ನುತ್ತೇವೆ. ಕುಂಟುವ ಎಲ್ಲ ಕುದುರೆಗೂ ಲಾಳ ಮದ್ದಲ್ಲ. ನೆಟ್ಟಗೆ ನಿಂತ ಗೊರಸಿಗಂತೂ ಅಲ್ಲವೇ ಅಲ್ಲ.

ಪಶುವೈದ್ಯರು ಇದನ್ನು ‘ಕ್ಲಬ್ ಫೂಟ್’ ಅನ್ನುತ್ತಾರೆ. ಹೆಚ್ಚಾಗಿ ಒಂದು ಮುಂಗಾಲಿಗೆ ಬರುತ್ತದೆ. ಪಕ್ಕದಿಂದ ನೋಡಿದರೆ ಗೊತ್ತಾಗುತ್ತದೆ. ಸಾಮಾನ್ಯ ಮುಂಗಾಲಿನ ಗೊರಸು ಸುಮಾರು 50 ಡಿಗ್ರಿ ಇಳಿಜಾರಾಗಿರುತ್ತದೆ. ಇದು 60 ಡಿಗ್ರಿ ದಾಟಿ ಡಬ್ಬಿಯಂತೆ ನೆಟ್ಟಗಿರುತ್ತದೆ. ಹಿಮ್ಮಡಿ ಎತ್ತರ. ಗೊರಸಿನ ಮೇಲಿನ ಗೆರೆಗಳು ಮುಂದೆ ಒತ್ತಾಗಿ, ಹಿಂದೆ ಅಗಲವಾಗಿರುತ್ತವೆ. ಅಂದರೆ ಹಿಂಭಾಗವೇ ಬೇಗ ಬೆಳೆಯುತ್ತಿದೆ.

ತೊಂದರೆ ಇರುವುದು ಗೊರಸಿನಲ್ಲಷ್ಟೇ ಅಲ್ಲ, ಕಾಲಿನ ಹಿಂದಿನ ಸ್ನಾಯುರಜ್ಜುವಿನಲ್ಲಿ. ನಮ್ಮ ಮಂದಿ ‘ನರ’ ಅನ್ನುವುದು ಇದನ್ನೇ. ಅದು ಬಿಗಿಯಾಗಿ ಗೊರಸಿನೊಳಗಿನ ಮೂಳೆಯನ್ನು ಹಿಂದಕ್ಕೆ ಎಳೆಯುತ್ತದೆ. ಭಾರವೆಲ್ಲ ಮುಂತುದಿಗೆ ಬೀಳುತ್ತದೆ.

ಇದು ತಿಳಿಯದೆ ಎರಡು ತಪ್ಪು ನಡೆಯುತ್ತವೆ. ಒಂದು, ಎರಡೂ ಗೊರಸು ಒಂದೇ ರೀತಿ ಕಾಣಲಿ ಎಂದು ಹಿಮ್ಮಡಿಯನ್ನು ಒಂದೇ ಸಲ ಕತ್ತರಿಸುವುದು. ಗೊರಸು ಗಿಡ್ಡವಾಯಿತು ಎಂದು ನರ ಉದ್ದವಾಗುವುದಿಲ್ಲ. ಎಳೆತ ಇನ್ನೂ ಹೆಚ್ಚಿ ಕುದುರೆ ಕುಂಟುತ್ತದೆ. ಕತ್ತರಿಸಿದ ಮೇಲೆ ಹಿಮ್ಮಡಿ ನೆಲ ಮುಟ್ಟದೆ ಮೇಲೆಯೇ ನಿಂತರೆ ಕತ್ತರಿಸಿದ್ದು ಹೆಚ್ಚಾಯಿತು ಎಂದೇ ಅರ್ಥ. ಆಗ ಹಿಮ್ಮಡಿಗೆ ಆಸರೆ ಕೊಡುವ ಲಾಳ ಬೇಕಾದೀತು.

ಎರಡನೆಯದು, ಲಾಳ ಹೊಡೆಸಿ ತಿಂಗಳುಗಟ್ಟಲೆ ಮರೆಯುವುದು. ಲಾಳದ ಕೆಳಗೆ ಗೊರಸು ಸವೆಯುವುದಿಲ್ಲ, ಬೆಳೆಯುತ್ತಲೇ ಇರುತ್ತದೆ. ಬೇರೆ ಕುದುರೆಗೆ 6ರಿಂದ 8 ವಾರಕ್ಕೊಮ್ಮೆ ಸಾಕು. ಇದಕ್ಕೆ 4 ವಾರಕ್ಕೊಮ್ಮೆ, ಸ್ವಲ್ಪ ಸ್ವಲ್ಪವೇ ಅರದಲ್ಲಿ ಉಜ್ಜಬೇಕು. ಪ್ರತಿ ಸಲ ಪಕ್ಕದಿಂದ ಮೊಬೈಲಿನಲ್ಲಿ ಒಂದು ಫೋಟೊ ತೆಗೆದಿಡಿ. ಸುಧಾರಿಸುತ್ತಿದೆಯೋ ಕೆಡುತ್ತಿದೆಯೋ ಫೋಟೊ ಹೇಳುತ್ತದೆ.

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ? ಮರಿಯಾಗಿದ್ದಾಗಲೇ ಕಂಡುಕೊಂಡರೆ ಕತ್ತರಿಕೆ, ಮೇವಿನ ಹಿಡಿತ, ಬೇಕಿದ್ದರೆ ಸಣ್ಣ ಶಸ್ತ್ರಚಿಕಿತ್ಸೆಯಿಂದ ಕಾಲು ಬಹಳಷ್ಟು ಸರಿಯಾಗುತ್ತದೆ. ಮೂಳೆ ಬಲಿತ ಮೇಲೆ ನಾವು ಮಾಡಬಹುದಾದದ್ದು ನೋವಿಲ್ಲದೆ ನಡೆಯುವಂತೆ ನೋಡಿಕೊಳ್ಳುವುದು ಮಾತ್ರ. ಅದೂ ಸಣ್ಣ ಮಾತಲ್ಲ. ಸರಿಯಾಗಿ ನೋಡಿಕೊಂಡರೆ ಇಂಥ ಎಷ್ಟೋ ಕುದುರೆಗಳು ಕೆಲಸಕ್ಕೆ ಬರುತ್ತವೆ.

ಆದರೆ ನೋಡುವವರು ಯಾರು? ರೇಸ್‌ಕೋರ್ಸಿನ ಕುದುರೆಗೆ ನುರಿತ ಲಾಳಗಾರರಿದ್ದಾರೆ. ಕುರಿ ಹಿಂಡಿನ ಜೊತೆ ಊರೂರು ಅಲೆಯುತ್ತಾ ಕುರಿಗಾಹಿಯ ಇಡೀ ಸಂಸಾರವನ್ನು ಬೆನ್ನ ಮೇಲೆ ಹೊತ್ತ ಕುದುರೆಗೆ ಯಾರಿದ್ದಾರೆ? ಉತ್ತರ ಕರ್ನಾಟಕದಲ್ಲಿ ನಾಲಬಂದ ಎಂಬ ಅಡ್ಡಹೆಸರು ಇನ್ನೂ ಉಳಿದಿದೆ, ಕಸುಬು ಕಲಿಯುವ ಹುಡುಗರು ಸಿಗುವುದು ಕಷ್ಟ. ಬೀದರಿನಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯವಿದೆ, ತಾಲ್ಲೂಕುಗಳಲ್ಲಿ ಪಶು ಆಸ್ಪತ್ರೆಗಳಿವೆ. ಕೈಯಲ್ಲಿ ಕಸುಬಿರುವ ಲಾಳಗಾರರನ್ನೂ ವೈದ್ಯರನ್ನೂ ಒಟ್ಟಿಗೆ ಕೂರಿಸಿ ಕೆಲವು ದಿನದ ತರಬೇತಿ ಕೊಡುವುದು ಅಸಾಧ್ಯವೇನಲ್ಲ. ಗ್ರಾಮಸಭೆಯಲ್ಲಿ ಪಶುಪಾಲನಾ ಇಲಾಖೆಯವರು ಬಂದಾಗ ಲಸಿಕೆಯ ಜೊತೆ ಗೊರಸಿನ ಮಾತನ್ನೂ ಎತ್ತಿ. ನಾವು ಕೇಳದೆ ಅದು ಯಾವ ಯೋಜನೆಯಲ್ಲೂ ಸೇರುವುದಿಲ್ಲ.