ಸತ್ತ ಊರಲ್ಲಿ ರೈಲು ಹತ್ತುವವರಾರು?

ಕೋಲಾರದ ಚಿನ್ನದ ಗಣಿಯೂರು ಕೆಜಿಎಫ್ ಮೇಲೆ ಮತ್ತೊಂದು ಫೋಟೋ ಪ್ರದರ್ಶನ ಎಂದರೆ ಒಳಗೇನಿದೆ ಎಂದು ಬಾಗಿಲಲ್ಲೇ ನಿಂತು ಹೇಳಬಹುದು. ತುಕ್ಕು ಹಿಡಿದ ಶಾಫ್ಟ್ ಗೋಪುರ, ಚಾವಣಿ ಕುಸಿದ ದೊರೆಗಳ ಬಂಗಲೆ, ಚಿನ್ನ ತೆಗೆದುಳಿದ ಪುಡಿಯ ಸೈನೈಡ್ ದಿಬ್ಬ. ಎಲ್ಲವೂ ಕಪ್ಪು ಬಿಳುಪು. ಕೋಲಾರದ ಬಿಸಿಲಿಗೆ ಬಣ್ಣವೇ ಇಲ್ಲವೇನೋ! ಕೆಳಗೊಂದು ಒಕ್ಕಣೆ: ‘ಸತ್ತ ಊರು’.

2011ರ ಜನಗಣತಿಯವರು ಈ ಸತ್ತ ಊರಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಜನರನ್ನು ಎಣಿಸಿದ್ದರಲ್ಲ, ಅವರೆಲ್ಲ ದೆವ್ವಗಳೇ? 2001ರ ಫೆಬ್ರುವರಿ 28ರಂದು ಬೀಗ ಬಿದ್ದದ್ದು ಗಣಿಗೆ, ಊರಿಗಲ್ಲ. ಗಣಿಗಿಳಿದವರ ಮಕ್ಕಳು, ಮೊಮ್ಮಕ್ಕಳು ಊಟದ ಡಬ್ಬಿ ಹಿಡಿದು ಮಾರಿಕುಪ್ಪಂನಿಂದ ಬೆಂಗಳೂರು ರೈಲು ಹತ್ತುತ್ತಾರೆ, ದುಡಿದು ರಾತ್ರಿ ಮರಳುತ್ತಾರೆ. ಕ್ಯಾಮೆರಾದವರ ಕಾರು ಬರುವುದು ಹೊತ್ತೇರಿದ ಮೇಲೆ. ಆಗ ಓಣಿ ಖಾಲಿ. ಖಾಲಿ ಓಣಿಗೆ ಬಹುಮಾನ! ಒಂದೂವರೆ ಲಕ್ಷ ಜನ ಚೌಕಟ್ಟಿನಾಚೆ. ಧೂಳು ಕುಡಿದು ಎದೆ ಹಾಳಾದ ಮುದುಕರನ್ನೇನೋ ಬಿಡುವುದಿಲ್ಲ. ಕಿಟಕಿಯ ಬೆಳಕು, ಮುಖದ ಸುಕ್ಕು, ‘ಮಾಜಿ ಕಾರ್ಮಿಕ’. ಸಿಲಿಕೋಸಿಸ್ ಪರಿಹಾರ ಸಿಕ್ಕಿತೇ ಎಂದು ಕೇಳಲು ಕ್ಯಾಮೆರಾದವರಿಗೆ ಪುರುಸೊತ್ತಿಲ್ಲ.

ಗಡಿಯಾಚೆ ಆಂಧ್ರದ ಕಣೇಕಲ್ಲಿನಲ್ಲಿ ಕೂತವನಿಗೆ ಇದೇಕೆ ಎನ್ನುತ್ತೀರಾ? ನಮ್ಮ ಪಕ್ಕದ ದರ್ಗಾ ಹೊನ್ನೂರಿನ ಮರಳಿಗೂ ಸಿನಿಮಾದವರು ಬಂದು ಹೊಡೆದಾಟ ಚಿತ್ರಿಸಿಕೊಂಡು ಹೋಗುತ್ತಾರೆ. ಅವರಿಗೆ ಅದು ಪುಕ್ಕಟೆ ಮರುಭೂಮಿ, ರೈತನಿಗೆ ಮರಳು ನುಂಗಿದ ಹೊಲ. ಕಬ್ಬಿಣದ ಅದಿರಿಗಾಗಿ ಓಬಳಾಪುರದ ಗುಡ್ಡ ಬಗೆದ ಕಾಲದಲ್ಲಿ ಡಿ. ಹಿರೇಹಾಳ್ ಕಡೆ ಎಷ್ಟೊಂದು ಕ್ಯಾಮೆರಾ! 2011ರಲ್ಲಿ ಸಿಬಿಐ ಗಣಿ ಧಣಿ ಜನಾರ್ದನ ರೆಡ್ಡಿಯವರನ್ನು ಬಂಧಿಸಿತು, ಕಥೆ ಮುಗಿಯಿತು. ಲಾರಿ ನಂಬಿದ್ದವರ ಒಲೆ ಆಮೇಲೆ ಉರಿಯಿತೋ ಇಲ್ಲವೋ, ಯಾರಿಗೆ ಬೇಕು? ನಮ್ಮ ಕಡೆಯ ರಾಮಗಿರಿಯ ಚಿನ್ನದ ಗಣಿಯೂ ಮುಚ್ಚಿತು. ಅಲ್ಲಿ ಬ್ರಿಟಿಷ್ ಬಂಗಲೆಗಳ ಸಾಲಿಲ್ಲ, ಪ್ರದರ್ಶನವೂ ಇಲ್ಲ.

ಬರೀ ಕಲೆಯ ವಿಷಯವಾಗಿದ್ದರೆ ಬೈದು ಸುಮ್ಮನಾಗುತ್ತಿದ್ದೆ. 2024ರ ಜೂನ್‌ನಲ್ಲಿ ಕರ್ನಾಟಕ ಸಂಪುಟ ಕೆಜಿಎಫ್‌ನ 13 ದಿಬ್ಬಗಳಿಂದ ಮತ್ತೆ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ಒಪ್ಪಿತು. ಸಾವಿರ ಎಕರೆಗೂ ಮಿಕ್ಕ ಜಾಗ, ಕೋಟಿಗಟ್ಟಲೆ ಟನ್ ಪುಡಿ. ಗಾಳಿ ಎದ್ದರೆ ಅದು ಕೂರುವುದು ಯಾರ ಅನ್ನದ ಮೇಲೆ? ಸತ್ತ ಊರಾದರೆ ಯಾರನ್ನೂ ಕೇಳಬೇಕಿಲ್ಲ, ಎಷ್ಟು ಸಲೀಸು! ಗಣಿ ಕಾರ್ಮಿಕರ ಲೈನ್ ಮನೆಗಳವರ ಒಪ್ಪಿಗೆಯಿಲ್ಲದೆ ಗುದ್ದಲಿ ಹಾಕಬಾರದು ಎಂಬ ಒಂದು ಸಾಲನ್ನು ಯಾವ ಗ್ಯಾಲರಿಯ ಗೋಡೆಯ ಮೇಲೂ ನಾನು ಕಂಡಿಲ್ಲ.