ಓಣಿ ನೋಡಿ ಕಳ್ಳ ಅಂದ್ರೆ ಹೆಂಗ್ರಿ?

ಮೂಡಲಗಿಯಿಂದ ಮಾವ ಫೋನ್ ಮಾಡಿದ್ರು. "ಅಳಿಯಾ, ಕೊಟೇಶನ್ ಕಳಿಸೀನಿ ಅಂದಿದ್ದಿ. ಹುಕ್ಕೇರಿಯವ್ರು ಬಂದೇ ಇಲ್ಲ ಅಂತಾರಲ್ಲೋ?"

ಕಳಿಸಿದ್ದು ನಿಜ. ಆ ಕಡೆಯ ಸರ್ವರ್ ಅದನ್ನು ತಗೊಂಡಿದ್ದೂ ನನ್ನ ಲಾಗ್‌ನಲ್ಲಿತ್ತು. ಆಮೇಲೆ ತಿಳೀತು, ಮೇಲ್ ಸ್ಪ್ಯಾಮ್ ಫೋಲ್ಡರಿನಲ್ಲಿ ಬಿದ್ದಿತ್ತು. ಯಾರೋ ಹುಡುಕಿ ತೆಗೆಯೋ ಹೊತ್ತಿಗೆ ಡ್ರಿಪ್ ಪೈಪಿನ ಆರ್ಡರ್ ಬೇರೆ ಅಂಗಡಿಗೆ ಹೋಗಿತ್ತು.

ತಪ್ಪು ನನ್ನದೇ ಅಂದ್ಕೊಳ್ಳಿ. ಗೋಕಾಕದ ನಮ್ಮ ಮನೆಯಲ್ಲಿ, ಟಿವಿ ಪಕ್ಕ, ಕರದಂಟಿನ ಡಬ್ಬಿಯಷ್ಟೇ ಇರೋ ಒಂದು ಕಂಪ್ಯೂಟರಿನಲ್ಲಿ ಮೇಲ್ ಸರ್ವರ್ ಇಟ್ಟವನು ನಾನು. ಮಾವನ ಅಂಗಡಿಯ ಪತ್ರವ್ಯವಹಾರ ಯಾರದೋ ಜಾಹೀರಾತು ಕಂಪನಿಯ ಗೋದಾಮಿನಲ್ಲಿ ಯಾಕಿರಬೇಕು ಅನ್ನೋ ಹಟ. ಮೊದಲು ಇಂಟರ್‌ನೆಟ್ ಕಂಪನಿ ಪೋರ್ಟ್ 25 ಮುಚ್ಚಿತ್ತು. ಬಿಸಿನೆಸ್ ಪ್ಲಾನ್ ತಗೊಳ್ರಿ ಅಂದ್ರು, ತಗೊಂಡೆ. ಬದಲಾಗದ ಐಪಿ ವಿಳಾಸ ಸಿಕ್ತು. ರಿವರ್ಸ್ ಡಿಎನ್‌ಎಸ್, ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್, ಪರೀಕ್ಷೆಗೆ ಓದಿದ ಹಾಗೆ ಎಲ್ಲಾ ಮಾಡಿದೆ. ಆದರೂ ಒಂದು ಕಡೆ ಸ್ಪ್ಯಾಮ್ ಫೋಲ್ಡರ್, ಇನ್ನೊಂದು ಕಡೆ ಸೀದಾ 550: ನಿಮ್ಮ ನೆಟ್‌ವರ್ಕಿನಿಂದ ಮೇಲ್ ತಗೊಳ್ಳಲ್ಲ. ನನ್ನಿಂದ ಅಲ್ಲ, ನೋಡ್ರಿ. ನನ್ನ ನೆಟ್‌ವರ್ಕಿನಿಂದ. ನಮ್ಮ ಓಣಿಯವರಿಂದ ಅಂದಂಗೆ.

ಇದಕ್ಕೊಂದು ಕಾರಣ ಇತ್ತು, ಒಪ್ತೀನಿ. 2000ದ ದಶಕದಲ್ಲಿ ವೈರಸ್ ಹೊಕ್ಕ ಮನೆ ಕಂಪ್ಯೂಟರುಗಳು ಮಾಲೀಕರಿಗೇ ಗೊತ್ತಿಲ್ಲದೆ ರಾಶಿರಾಶಿ ಸ್ಪ್ಯಾಮ್ ಕಳಿಸ್ತಿದ್ವು. ಬಾಗಿಲು ಹಾಕದೆ ಇರೋಕೆ ಆಗ್ತಿರಲಿಲ್ಲ. ಮನೆ ವಿಳಾಸಗಳ ಪಟ್ಟಿಗಳೇ ಹುಟ್ಟಿಕೊಂಡವು. ಅದರಲ್ಲಿ ಹೆಸರಾದದ್ದು ಸ್ಪ್ಯಾಮ್‌ಹೌಸ್‌ನ ಪಿಬಿಎಲ್. ತಮಾಷೆ ಏನಂದ್ರೆ, ಪಿಬಿಎಲ್‌ನಲ್ಲಿ ಇದ್ದ ಮಾತ್ರಕ್ಕೆ ನೀವು ಸ್ಪ್ಯಾಮ್ ಕಳಿಸಿದವರು ಅಂತ ಅರ್ಥ ಅಲ್ಲ ಅಂತ ಸ್ಪ್ಯಾಮ್‌ಹೌಸೇ ಹೇಳುತ್ತೆ. ಸ್ವಂತ ಮೇಲ್ ಸರ್ವರ್ ನಡೆಸೋರಿಗೆ ಹೊರಬರೋ ದಾರಿಯನ್ನೂ ಇಟ್ಟಿದೆ. ಪಟ್ಟಿ ಮಾಡಿದವನಿಗೆ ಇರೋ ಸೌಜನ್ಯ ಅಂಚೆಪೆಟ್ಟಿಗೆ ಮಾಲೀಕನಿಗೆ ಇಲ್ಲ.

ಈಗ ಕಳಿಸಿದವರು ಯಾರು ಅಂತ ಗುರುತಿಸೋಕೆ ಸಹಿ ಇದೆ. ಡಿಕಿಮ್ ಬಂದದ್ದು 2007ರಲ್ಲಿ. ನನ್ನ ಡೊಮೈನಿನಿಂದ ಕೆಟ್ಟ ಮೇಲ್ ಬಂದ್ರೆ ಆ ಡೊಮೈನನ್ನೇ ಹಿಡೀರಿ, ತಕರಾರಿಲ್ಲ. 2024ರ ಫೆಬ್ರವರಿಯಿಂದ ಗೂಗಲ್, ಯಾಹೂ ನಿಯಮ ಬಿಗಿ ಮಾಡಿದವು. ಜಿಮೇಲ್‌ಗೆ ದಿನಕ್ಕೆ 5000ಕ್ಕಿಂತ ಹೆಚ್ಚು ಕಳಿಸೋರಿಗೆ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಮೂರೂ ಕಡ್ಡಾಯ. ನಾನು ಕಳಿಸೋದು ದಿನಕ್ಕೆ ಐದಾರು, ಮೂರೂ ಇವೆ. ಹಾಗಿದ್ರೆ ಇನ್ನೇನು ಬೇಕು? ಹೊಸಬ ಅಂತ ಅನುಮಾನ ಇದ್ರೆ ದಿನಕ್ಕೆ ಇಪ್ಪತ್ತೇ ಮೇಲ್ ತಗೊಳ್ರಿ. ಬೇಡ ಅಂದ್ರೆ ಯಾಕೆ ಬೇಡ ಅಂತ ಒಂದು ಸಾಲು ಬರೀರಿ, ಮನುಷ್ಯರು ಓದೋ ಒಂದು ಅರ್ಜಿ ಇಡ್ರಿ. ನಾನು ಮೂರು ಸಲ ಫಾರ್ಮ್ ತುಂಬಿದೆ. ಮೂರು ಸಲವೂ ಅದೇ ಸಿದ್ಧ ಉತ್ತರ.

ಹುಕ್ಕೇರಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿ ಮನೆಮನೆಗೆ ಕರೆಂಟ್ ಕೊಡೋದು ಅವರದೇ ಗ್ರಾಮೀಣ ವಿದ್ಯುತ್ ಸಹಕಾರ ಸಂಘ, 1969ರಿಂದ. ಸುತ್ತಲೆಲ್ಲಾ ಹೆಸ್ಕಾಂ, ನಡುವೆ ಇದೊಂದು. ಸಂಘ ಸಣ್ಣದು ಅಂತ ದೊಡ್ಡ ಗ್ರಿಡ್ ಅದರ ಜೊತೆ ತಂತಿ ಕೂಡಿಸಲ್ಲ ಅನ್ನಲಿಲ್ಲ. ಮೀಟರ್ ಸರಿ ಇದೆಯಾ, ಬಿಲ್ ಕಟ್ತಾರಾ, ಅಷ್ಟೇ ಲೆಕ್ಕ. ಇಮೇಲೂ ಹುಟ್ಟಿದ್ದು ಹಂಗೇ. 1982ರ ಎಸ್‌ಎಂಟಿಪಿ ನಿಯಮದಲ್ಲಿ ದೊಡ್ಡ ಕಂಪನಿ, ಸಣ್ಣ ಮನೆ ಅನ್ನೋ ಭೇದ ಇಲ್ಲ. ಒಂದು ಯಂತ್ರ ಇನ್ನೊಂದಕ್ಕೆ ಹಲೋ ಅನ್ನುತ್ತೆ, ಅಷ್ಟೇ.

"ಅಯ್ಯೋ, ತಿಂಗಳಿಗೆ ನೂರಿನ್ನೂರು ಕೊಟ್ಟು ಯಾವುದಾದ್ರೂ ಮೇಲ್ ಸೇವೆ ತಗೋ ಮಾರಾಯಾ" ಅಂತ ಆಫೀಸಿನ ಗೆಳೆಯರು ಅಂತಾರೆ. ತಗೋಬಹುದು. ನಾಳೆ ಆ ಸೇವೆಯವರು ಬೆಲೆ ಏರಿಸಿದ್ರೆ, ಖಾತೆ ಮುಚ್ಚಿದ್ರೆ, ವಾಪಸ್ ಬರೋಕೆ ಮನೆಯ ಬಾಗಿಲೂ ಇರಲ್ಲ. ಇದನ್ನು ಅವರು ಸ್ಪ್ಯಾಮ್ ತಡೆ ಅಂತ ಕರೀತಾರೆ.

ಮಾವ ಈಗ ದೊಡ್ಡ ಕಂಪನಿಯ ಉಚಿತ ಖಾತೆಯಿಂದಲೇ ಕೊಟೇಶನ್ ಕಳಿಸ್ತಾರೆ. ಹೋದ ವಾರ ಅದೇ ಇನ್‌ಬಾಕ್ಸಿನಲ್ಲಿ, ಸ್ಪ್ಯಾಮ್‌ನಲ್ಲಲ್ಲ, ಅವರಿಗೆ ಲಾಟರಿ ಹೊಡೆದ ಸುದ್ದಿ ಬಂದಿತ್ತು. ಕಳಿಸಿದವನ ಖಾತೆಯೂ ಅದೇ ಕಂಪನಿಯದು. "ಇದು ಖರೇ ಏನೋ?" ಅಂತ ಫೋನ್ ಮಾಡಿ ಕೇಳಿದ್ರು.