ಪಾತ್ರದಾಟಕ್ಕೆ ಮನೆಯ ಕಟ್ಟಳೆಗಳು

ಮೇಜಿನ ಸುತ್ತ ಕುಳಿತು, ಒಬ್ಬೊಬ್ಬರು ಒಂದೊಂದು ಪಾತ್ರವನ್ನು ವಹಿಸಿ, ದಾಳವನ್ನುರುಳಿಸುತ್ತ ಕಥೆಯನ್ನು ಬೆಳೆಸುವ ಆಟವು ಈಗ ಕೆಲವು ಮನೆಗಳನ್ನು ಹೊಕ್ಕಿರುವುದಷ್ಟೆ. ಇವುಗಳಲ್ಲಿ ಪ್ರಸಿದ್ಧವಾದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಎಂಬುದನ್ನು ಅಮೆರಿಕದ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಎಂಬವರು ರಚಿಸಿದರು. 1974ರಲ್ಲಿ ಅದು ಪ್ರಕಟವಾಯಿತು.

ಈ ಆಟದಲ್ಲಿ ಪ್ರತಿಯೊಂದು ಪಾತ್ರಕ್ಕೂ ಪ್ರಾಣಬಲವನ್ನು ಸೂಚಿಸುವ ಅಂಕಗಳುಂಟು. ಪೆಟ್ಟು ಬಿದ್ದಂತೆಲ್ಲ ಅವು ಇಳಿಯುವುವು. ಆದರೆ 50 ಅಂಕಗಳಲ್ಲಿ ಒಂದೇ ಉಳಿದ ವೀರನೂ ಮೊದಲಿನ ಕಸುವಿನಿಂದಲೇ ಕತ್ತಿಯನ್ನು ಬೀಸುವನು. 2014ರ ಆವೃತ್ತಿಯ ಪ್ರಕಾರ, 8 ಗಂಟೆಗಳ ಪೂರ್ಣ ವಿಶ್ರಾಂತಿಯಾದೊಡನೆ ಕಳೆದ ಅಂಕಗಳೆಲ್ಲ ಮರಳಿ ಬರುವುವು. ಗಾಯದ ಭಯವಿಲ್ಲದ ಮೇಲೆ, ಸಂಧಾನದ ಮಾತನ್ನಾಡುವ ಗೋಜಿಗೆ ಮಕ್ಕಳು ಏಕೆ ಹೋದಾರು? ಆದಕಾರಣ ಮೂರು ಕಟ್ಟಳೆಗಳನ್ನು ನಾವು ಸೂಚಿಸುವೆವು.

ಮೊದಲನೆಯದು ಗಾಯ. ಅದೇ ಆವೃತ್ತಿಯ ಸೂತ್ರಧಾರನ ಕೈಪಿಡಿಯಲ್ಲಿ ಐಚ್ಛಿಕ ನಿಯಮವೊಂದಿರುವುದು: ಪೂರ್ಣ ವಿಶ್ರಾಂತಿಗೆ 7 ದಿನಗಳು ಬೇಕು. ಇದನ್ನು ಅಂಗೀಕರಿಸಬೇಕು.

ಎರಡನೆಯದು ಹೊರೆ. ಸಾಧಾರಣ ಬಲದವನು 150 ಪೌಂಡುಗಳನ್ನು, ಎಂದರೆ ಸುಮಾರು 68 ಕಿಲೋಗ್ರಾಂಗಳನ್ನು, ಹೊರಬಲ್ಲನೆಂದು ಗ್ರಂಥವು ಹೇಳುವುದು. ಅಲ್ಲಿಯೇ ಇರುವ ಮತ್ತೊಂದು ಐಚ್ಛಿಕ ನಿಯಮದಂತೆ, 50 ಪೌಂಡುಗಳನ್ನು ಮೀರಿದರೆ ಅವನ ನಡಿಗೆಯು ನಿಧಾನವಾಗಲಿ. 50 ನಾಣ್ಯಗಳು ಒಂದು ಪೌಂಡು ತೂಗುವುವಾದ್ದರಿಂದ, 1000 ಹೊನ್ನಿನ ಗಂಟೇ 20 ಪೌಂಡು!

ಮೂರನೆಯದು ಬೆಳಕು. ಒಂದು ದೀವಟಿಗೆ ಉರಿಯುವುದು ಒಂದೇ ಗಂಟೆ. ಎಷ್ಟು ಉಳಿದಿವೆಯೆಂಬುದನ್ನು ಪ್ರತಿಯೊಬ್ಬನೂ ತನ್ನ ಕಾಗದದಲ್ಲಿ ಗುರುತಿಸತಕ್ಕದ್ದು.

ಇದಕ್ಕೆ ಮೀರಿದ ಲೆಕ್ಕಾಚಾರವನ್ನು ನಾವು ಮೆಚ್ಚೆವು. 1978ರಲ್ಲಿ ಪ್ರಕಟವಾದ 'ರೂನ್‌ಕ್ವೆಸ್ಟ್' ಎಂಬ ಆಟದಲ್ಲಿ, ಪೆಟ್ಟು ಯಾವ ಅಂಗಕ್ಕೆ ತಗುಲಿತೆಂಬುದನ್ನೂ ದಾಳವೇ ನಿರ್ಣಯಿಸುವುದು. ಆ ಆಟದ ರಚನೆಗೆ ಅದು ಒಪ್ಪುವುದು. ಇದಕ್ಕೆ ತಂದು ತೊಡಿಸಿದರೆ ಕೂಡುವುದು ಕಳೆಯುವುದರಲ್ಲಿಯೇ ಸಂಜೆಯು ಕಳೆದುಹೋಗುವುದು. ಆಟಗಾರನನ್ನು ಆಲೋಚನೆಗೆ ಹಚ್ಚದ ಕಟ್ಟಳೆಯನ್ನು ಬಿಡುವುದೇ ಲೇಸು. ಉಳಿಸಿಕೊಂಡವನ್ನು ಆಟಕ್ಕೆ ಮೊದಲೇ ಎಲ್ಲರಿಗೂ ಓದಿ ಹೇಳಿ ಒಪ್ಪಿಗೆ ಪಡೆಯಬೇಕು. ನಡುವೆ ಬದಲಿಸಿದರೆ ಸೋತವನು ಅನ್ಯಾಯವಾಯಿತೆನ್ನುವನು, ಮನಸ್ತಾಪವು ಮೇಜಿನಿಂದ ಮನೆಗೆ ಹಬ್ಬುವುದು.

ಇಷ್ಟಾದರೆ ಸಾಕು. ಗುಹೆಯೊಳಗೆ ಗೆಳೆಯನು ಗಾಯಗೊಂಡು ಬಿದ್ದಿರುವನು. ಕಡೆಯ ದೀವಟಿಗೆಯು ಉರಿಯುತ್ತಿರುವುದು. ಹೆಗಲ ಮೇಲೆ ಹೊನ್ನಿನ ಗಂಟಿರುವುದು. ಗಂಟನ್ನು ಹೊರುವುದೋ, ಗೆಳೆಯನನ್ನೋ? ಆಗ ಮಕ್ಕಳು ಏನೆನ್ನುವರೆಂಬುದನ್ನು ಹಿರಿಯರು ಪಕ್ಕದಲ್ಲಿ ಕುಳಿತು ಕೇಳಲಿ.